ಅವ್ವ ಮುಂದಿನ ತಿಂಗಳು ಅಂಗನವಾಡಿಯಿಂದ ನಿವೃತ್ತಿ. ಸನ್ಮಾನದ ದಿನ ನಾನು ಏನು ಮಾತಾಡಲಿ?

ಜಗಳೂರಿನ ಮಗಳು
ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನ ಒಂದು ಹಳ್ಳಿ. ಅವ್ವ ಅಲ್ಲಿ ಅಂಗನವಾಡಿ ಕಾರ್ಯಕರ್ತೆ. 1994ರಲ್ಲಿ ಸೇರಿದ್ದು, ಮುಂದಿನ ತಿಂಗಳಿಗೆ 60 ತುಂಬುತ್ತದೆ. ನೇಮಕದ ಆದೇಶದ ಮೇಲೆ 'ಚಿತ್ರದುರ್ಗ ಜಿಲ್ಲೆ' ಅಂತ ಇದೆ, ಬಿಡುಗಡೆಯ ಆದೇಶದ ಮೇಲೆ 'ದಾವಣಗೆರೆ ಜಿಲ್ಲೆ' ಅಂತ ಬರುತ್ತದೆ. ನಡುವೆ ಅಂಗನವಾಡಿ ಗುಡಿ ಜಗಲಿಯಿಂದ ಶಾಲೆ ಪಡಸಾಲೆಗೆ, ಅಲ್ಲಿಂದ ಬಾಡಿಗೆ ರೂಮಿಗೆ, ಕೊನೆಗೆ ಸ್ವಂತ ಕಟ್ಟಡಕ್ಕೆ ಬಂತು.

ಪಂಚಾಯ್ತಿಯವರು, ಬಾಲವಿಕಾಸ ಸಮಿತಿಯವರು ಸೇರಿ ಸನ್ಮಾನ ಇಟ್ಟುಕೊಂಡಿದ್ದಾರೆ. ಶಾಲು, ಹಾರ, ಹಣ್ಣಿನ ಬುಟ್ಟಿ. 'ಮಗಳು ಎರಡು ಮಾತಾಡಲಿ' ಅಂದರು, ನಾನೂ ಒಪ್ಪಿಕೊಂಡೆ. ಮೊನ್ನೆ ಭಾನುವಾರ ನಮ್ಮ ಭಾವ ಬಂದಿದ್ದರು. "ಅನ್ನ ಸಾರು ಬೇಯಿಸಿ ಹಾಕಿದ್ರು, ಹುಡುಗ್ರನ್ನ ಮಲಗಿಸಿದ್ರು. ಅದಕ್ಕೇನು ಭಾಷಣ ಮಾಡ್ತೀಯಮ್ಮ?" ಅಂದರು. ಅವ್ವ ನಕ್ಕು ಚಹಾ ತರಲು ಒಳಗೆ ಹೋದರು. ನನಗೆ ಸಿಟ್ಟು ಬಂತು. ಆದರೆ ರಾತ್ರಿ ಬರೆಯಲು ಕೂತರೆ ಎರಡು ಸಾಲಿನ ಮೇಲೆ ಪೆನ್ನು ಓಡಲಿಲ್ಲ. ಒಂದೇ ಮನೆಯಲ್ಲಿ ಬೆಳೆದರೂ ಅವ್ವ ದಿನವಿಡೀ ಏನು ಮಾಡುತ್ತಿದ್ದರು ಅಂತ ನನಗೂ ಸರಿಯಾಗಿ ಗೊತ್ತಿಲ್ಲ. ಗೊತ್ತಿದ್ದವರು ಹೇಳಿ.

ಮಂಡಕ್ಕಿ ಮೆಣಸಿನಕಾಯಿ
ನಿಮ್ಮ ಭಾವನನ್ನು ಹದಿನೈದು ಮಕ್ಕಳ ಜೊತೆ ಒಂದು ದಿನ ಕೂರಿಸಿ ಬಾಗಿಲು ಹಾಕಿಕೊಳ್ಳಿ. ಸಂಜೆಗೆ ಭಾಷಣ ಅವರೇ ಬರೆದುಕೊಡುತ್ತಾರೆ.

ಹೊಳಲ್ಕೆರೆ ಮೇಷ್ಟ್ರು
ತಾಯಿ, ಅಂಗನವಾಡಿಗೆ ಕೊಟ್ಟಿರುವ ಕೆಲಸ ಆರು. ಪೂರಕ ಆಹಾರ ಅದರಲ್ಲಿ ಒಂದು. ಉಳಿದವು ಚುಚ್ಚುಮದ್ದು, ಆರೋಗ್ಯ ತಪಾಸಣೆ, ಹುಷಾರಿಲ್ಲದ ಮಗುವನ್ನು ದೊಡ್ಡಾಸ್ಪತ್ರೆಗೆ ಕಳಿಸುವುದು, ಶಾಲೆಗೆ ಮುಂಚಿನ ಕಲಿಕೆ, ತಾಯಂದಿರಿಗೆ ಊಟ ಮತ್ತು ಆರೋಗ್ಯದ ತಿಳಿವಳಿಕೆ. ಅಂಗನವಾಡಿ ನಡೆಸುವ ಈ ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ಮೊದಲು ಶುರುವಾಗಿದ್ದೇ ನಮ್ಮ ಮೈಸೂರಿನಲ್ಲಿ.

ನಾನು ಬಹಳ ವರ್ಷ ಒಂದನೇ ಕ್ಲಾಸಿಗೆ ಪಾಠ ಮಾಡಿದವನು. ಜೂನ್ ತಿಂಗಳಲ್ಲಿ ಯಾವ ಮಗು ಅಂಗನವಾಡಿಯಿಂದ ಬಂದದ್ದು ಅಂತ ಬಾಗಿಲಲ್ಲೇ ಗೊತ್ತಾಗುತ್ತಿತ್ತು. ಅದು ಚಪ್ಪಲಿ ಜೋಡಿಸಿ ಬಿಟ್ಟು, ಹೆಸರು ಕೂಗಿದರೆ ಎದ್ದು ನಿಲ್ಲುತ್ತಿತ್ತು. ಸೀದಾ ಮನೆಯಿಂದ ಬಂದದ್ದು ಅವ್ವನ ಸೆರಗು ಹಿಡಿದು ಮಧ್ಯಾಹ್ನದ ಊಟದವರೆಗೂ ಅಳುತ್ತಿತ್ತು. ಅರ್ಧ ಕೆಲಸ ಅಂಗನವಾಡಿಯವರು ಮುಗಿಸಿ ಕಳಿಸುತ್ತಿದ್ದರು, ಹೆಸರು ನಮಗೆ ಬರುತ್ತಿತ್ತು.

ಕೋಟೆ ಕಡೆಯವನು
ಮೇಷ್ಟ್ರೇ, ಸಣ್ಣ ತಿದ್ದುಪಡಿ. ಅವತ್ತು ದೇಶದ 33 ಕಡೆ ಒಟ್ಟಿಗೇ ಶುರುವಾಯಿತು. ನಮ್ಮ ರಾಜ್ಯಕ್ಕೆ ಸಿಕ್ಕಿದ್ದು ಮೈಸೂರು ಜಿಲ್ಲೆಯ ತಿ. ನರಸೀಪುರ, ಅಲ್ಲಿ 100 ಅಂಗನವಾಡಿ. ಯೋಚನೆ ಅದಕ್ಕಿಂತ ಹಳೆಯದು. ತಾರಾಬಾಯಿ ಮೋಡಕ್ 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ಹಳ್ಳಿ ಮಕ್ಕಳ ಕೇಂದ್ರ ತೆರೆದರು, ಅನುತಾಯಿ ವಾಘ್ ಜೊತೆಯಾದರು. ಬಡವರ ಕೇರಿಯ ಮಕ್ಕಳು ಬಾಲವಾಡಿಗೆ ಬರಲಿಲ್ಲ. ಹಾಗಾಗಿ ಬಾಲವಾಡಿಯನ್ನೇ ಅವರ ಮನೆ ಅಂಗಳಕ್ಕೆ ಹೊತ್ತುಕೊಂಡು ಹೋದರು. ಅಂಗನವಾಡಿ ಅನ್ನುವ ಹೆಸರು ಆ ಅಂಗಳದಿಂದಲೇ ಬಂದದ್ದು.

ಹೊಳಲ್ಕೆರೆ ಮೇಷ್ಟ್ರು
ಒಪ್ಪಿದೆ ತಮ್ಮ. ವಯಸ್ಸಾಯಿತು, ತಿದ್ದುವವರು ಬೇಕು.

ವಿದ್ಯಾನಗರದ ಅಪ್ಪ
ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಬೈಯಬೇಡಿ. ದಾವಣಗೆರೆಯಲ್ಲಿ ನನ್ನ ಮಗಳು ನರ್ಸರಿಗೆ ಹೋಗುತ್ತಾಳೆ. ಮೂರೂವರೆ ವರ್ಷಕ್ಕೆ ಎಬಿಸಿಡಿ ಪೂರ್ತಿ ಬರೆಯುತ್ತಾಳೆ. ನಮ್ಮ ಮನೆ ಹಿಂದಿನ ಅಂಗನವಾಡಿಯಲ್ಲಿ ಅದೇ ವಯಸ್ಸಿನ ಮಕ್ಕಳು ಹುಣಸೆ ಬೀಜ ಇಟ್ಟುಕೊಂಡು ಕೂತಿರುತ್ತವೆ. ಫೀಸು ಕಟ್ಟುವ ಶಕ್ತಿ ಇದ್ದವರು ಯಾರಾದರೂ ಮಕ್ಕಳನ್ನು ಅಲ್ಲಿಗೆ ಕಳಿಸುತ್ತಾರಾ? ಅಂಗನವಾಡಿ ಟೀಚರ್‌ಗಳ ಮೊಮ್ಮಕ್ಕಳೇ ಕಾನ್ವೆಂಟ್ ಬಸ್ಸು ಹತ್ತುತ್ತಾರೆ.

ಚಳ್ಳಕೆರೆ ಟೀಚರ್
ಅಣ್ಣಾ, ಹದಿನೇಳು ವರ್ಷದಿಂದ ಆ ಹುಣಸೆ ಬೀಜದ ಪಾಠ ಮಾಡುತ್ತಿರುವವಳು ನಾನು. ಮೂರು ವರ್ಷದ ಮಗುವಿನ ಬೆರಳಿಗೆ ಪೆನ್ಸಿಲ್ ಹಿಡಿಯುವ ಬಲ ಇನ್ನೂ ಬಂದಿರುವುದಿಲ್ಲ. ಬೀಜ ಹೆಕ್ಕಬೇಕು, ಮಣ್ಣು ನಾದಬೇಕು, ಅಂಗಿ ಗುಂಡಿ ತಾನೇ ಹಾಕಿಕೊಳ್ಳಬೇಕು. ಆಗ ಬೆರಳು ಗಟ್ಟಿಯಾಗುತ್ತದೆ. ಈ ಗುಂಪಿನಲ್ಲಿ ಮೂರು ಬೀಜ, ಆ ಗುಂಪಿನಲ್ಲಿ ಐದು, ಎಲ್ಲಿ ಜಾಸ್ತಿ ಅಂತ ಕೇಳಿದರೆ ಅದೇ ಲೆಕ್ಕ. ನಮಗೆ 'ಚಿಲಿಪಿಲಿ' ಅಂತ ಚಟುವಟಿಕೆ ಪುಸ್ತಕ ಇದೆ, ಹಾಡು, ಕಥೆ, ಆಟದಲ್ಲೇ ಕಲಿಸುವುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೂಡ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ, ಆಟದ ಮೂಲಕ ಕಲಿಕೆ ಅಂತಲೇ ಹೇಳುತ್ತದೆ. ನಿಮ್ಮ ಮಗಳು ಬರೆಯುವಾಗ ಪೆನ್ಸಿಲ್ಲನ್ನು ಮುಷ್ಟಿಯಲ್ಲಿ ಹಿಡಿಯುತ್ತಾಳಾ, ಬೆರಳಲ್ಲಾ? ಸುಮ್ನೆ ಇವತ್ತು ನೋಡಿ.

ಬೀಜದಲ್ಲಿ ಅಪಾಯ ಇಲ್ಲ ಅಂತ ಹೇಳುವುದಿಲ್ಲ. ನಮ್ಮದು ಶೇಂಗಾ ಸೀಮೆ. ಒಬ್ಬ ಹುಡುಗ ಮನೆಯಿಂದಲೇ ಮೂಗಿನಲ್ಲಿ ಶೇಂಗಾ ಬೀಜ ಸೇರಿಸಿಕೊಂಡು ಬಂದಿದ್ದ. ಅವರಜ್ಜಿ ತೆಗೆಯಲು ಹೋಗಿ ಇನ್ನೂ ಒಳಗೆ ತಳ್ಳಿದ್ದರು. ಯಾರದೋ ಬೈಕ್ ಹತ್ತಿ ಅವನನ್ನು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರ್ ಕೊಕ್ಕೆ ತರಹದ್ದೊಂದು ಹಾಕಿ ನಿಮಿಷದಲ್ಲಿ ತೆಗೆದರು. ಹುಡುಗ ಅಳು ನಿಲ್ಲಿಸಿ ಕೇಳಿದ ಮೊದಲ ಮಾತು: "ನನ್ ಬೀಜ ಕೊಡ್ರಿ."

ಮಂಡಕ್ಕಿ ಮೆಣಸಿನಕಾಯಿ
ಕೊಟ್ಟರಾ ಬೀಜ?

ಚಳ್ಳಕೆರೆ ಟೀಚರ್
ಹತ್ತಿಯಲ್ಲಿ ಸುತ್ತಿ ಕೊಟ್ಟರು. ಊರಿಗೆಲ್ಲ ತೋರಿಸಿದ.

ವಿದ್ಯಾನಗರದ ಅಪ್ಪ
ನೋಡಿದೆ. ಮುಷ್ಟಿಯಲ್ಲೇ ಹಿಡಿಯುತ್ತಾಳೆ. ಸರಿ, ಆ ಮಾತು ಒಪ್ಪಿದೆ. ಆದರೆ ಇನ್ನೊಂದು ಪ್ರಶ್ನೆ. ವಾರದಲ್ಲಿ ಒಂದು ದಿನವಾದರೂ ಟೀಚರ್ ಇರುವುದಿಲ್ಲ. ಕೇಳಿದರೆ ಮೀಟಿಂಗ್, ಇಲ್ಲದಿದ್ದರೆ ಸರ್ವೆ.

ಹೊಸದುರ್ಗದ ಸೊಸೆ
ಅದನ್ನು ಅವರು ಕೇಳಿಕೊಂಡು ಹೋಗುತ್ತಾರಾ ಅಣ್ಣ? ನಮ್ಮತ್ತೆ ಕಾರ್ಯಕರ್ತೆ. ಮತದಾರರ ಪಟ್ಟಿ ಅವರದೇ, ಗೃಹಲಕ್ಷ್ಮಿ ಅರ್ಜಿ ಬಂದಾಗ ಮನೆ ಮನೆಯ ಕೆಲಸ ಅವರದೇ. ಈಗ ಪೋಷಣ್ ಟ್ರ್ಯಾಕರ್ ಅನ್ನುವ ಮೊಬೈಲ್ ಆ್ಯಪ್ ಬೇರೆ. ಗರ್ಭಿಣಿಗೆ ಪೌಷ್ಟಿಕ ಆಹಾರದ ಪಾಕೀಟು ಕೊಡಬೇಕಾದರೆ ಮುಖದ ಫೋಟೊ ಹೊಂದಬೇಕು, ಓಟಿಪಿ ಬರಬೇಕು. ಓಟಿಪಿ ಹೋಗುವುದು ಬೆಂಗಳೂರಲ್ಲಿ ಗಾರೆ ಕೆಲಸ ಮಾಡುವ ಗಂಡನ ಫೋನಿಗೆ. ಅವನು ಮೂರನೇ ಮಹಡಿಯಲ್ಲಿ ಇಟ್ಟಿಗೆ ಹೊರುತ್ತಿರುತ್ತಾನೆ, ಎತ್ತುವುದಿಲ್ಲ. ನಮ್ಮತ್ತೆ ನೆಟ್‌ವರ್ಕಿಗೆ ಅಂತ ನೀರಿನ ಟ್ಯಾಂಕ್ ಕಟ್ಟೆ ಮೇಲೆ ನಿಂತು "ಎತ್ತೋ ಮಾರಾಯ" ಅಂತ ಕೂಗುತ್ತಿರುತ್ತಾರೆ. ಆ ಗರ್ಭಿಣಿ ಕೆಳಗೆ ಬಿಸಿಲಲ್ಲಿ. ಅಲ್ಲೇ ನಿಂತು ನೋಡಿದ್ದೇನೆ.

ಇಷ್ಟಕ್ಕೆ ಕೊಡುವುದಕ್ಕೆ ಸಂಬಳ ಅನ್ನುವ ಹೆಸರೂ ಇಲ್ಲ, ಗೌರವಧನ. ಕೇಂದ್ರ ಸರ್ಕಾರದ ಲೆಕ್ಕದಲ್ಲಿ ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಅದು 2018ರಲ್ಲಿ ಏರಿಸಿದ ಮೊತ್ತ. ಮೇಲಿನದು ರಾಜ್ಯ ಹಾಕುತ್ತದೆ.

ಹರಿಹರದ ಹೊಳೆದಂಡೆ
2022ರಲ್ಲೇ ಸುಪ್ರೀಂ ಕೋರ್ಟ್ ಇವರನ್ನೆಲ್ಲ ಸರ್ಕಾರಿ ನೌಕರರು ಅಂತ ಹೇಳಿದೆಯಲ್ವಾ? ಹಾಗಿದ್ದರೆ ಅವ್ವನಿಗೆ ಪೆನ್ಶನ್ ಬರಬೇಕಲ್ಲ?

ಕರಿಕೋಟು
ಹಾಗೆ ಹೇಳಿಲ್ಲ. ವಾಟ್ಸ್ಆ್ಯಪ್‌ನಲ್ಲಿ ಹಾಗೆ ಓಡಾಡಿತು. 2022ರ ಏಪ್ರಿಲ್ 25ರ ತೀರ್ಪು ಗುಜರಾತಿನ ಪ್ರಕರಣದ್ದು. ಗ್ರಾಚ್ಯುಟಿ ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಕ್ಕೆ ತಕ್ಕಂತೆ ಒಟ್ಟಿಗೆ ಕೊಡುವ ಹಣ. 1972ರ ಗ್ರಾಚ್ಯುಟಿ ಕಾಯ್ದೆ ಅಂಗನವಾಡಿ ಕಾರ್ಯಕರ್ತೆ, ಸಹಾಯಕಿಯರಿಗೂ ಅನ್ವಯ ಅಂತ ಹೇಳಿತು, ಅಷ್ಟೇ. ಅದಕ್ಕೂ ಮೊದಲು 2006ರಲ್ಲಿ ಕರ್ನಾಟಕದ್ದೇ ಅಮೀರ್‌ಬಿ ಪ್ರಕರಣದಲ್ಲಿ ಇದು ಸಿವಿಲ್ ಹುದ್ದೆ, ಅಂದರೆ ಸರ್ಕಾರಿ ನೌಕರಿ, ಅಲ್ಲ ಅಂತ ಅದೇ ಕೋರ್ಟ್ ಹೇಳಿತ್ತು. ಅದು ಇನ್ನೂ ಹಾಗೇ ಇದೆ.

ತಂಗಿ, ಭಾಷಣ ಆಮೇಲೆ. ಮೊದಲು ಅವ್ವನ ನೇಮಕಾತಿ ಆದೇಶ ಹುಡುಕಿ ಎರಡು ಜೆರಾಕ್ಸ್ ಮಾಡಿಸಿ. ಕಾಯ್ದೆಯ ಲೆಕ್ಕ ಸುಲಭ. ಕೊನೆಯ ತಿಂಗಳ ಮೊತ್ತವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಮತ್ತೆ ಸೇವೆಯ ವರ್ಷದಿಂದ ಗುಣಿಸಿ. ಸೇರಿದ ದಿನಾಂಕದ ಕಾಗದ ಇಲ್ಲದಿದ್ದರೆ ವರ್ಷದ ಲೆಕ್ಕದಲ್ಲೇ ಸಿಕ್ಕಿಕೊಳ್ಳುತ್ತೀರಿ. ಸಿಡಿಪಿಒ (ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಕಚೇರಿಗೆ ಅರ್ಜಿ ಕೊಟ್ಟರೆ ಸೀಲು ಹಾಕಿದ ಸ್ವೀಕೃತಿ ತೆಗೆದುಕೊಳ್ಳದೆ ಬರಬೇಡಿ. ಎನ್‌ಪಿಎಸ್ ಲೈಟ್ ಅನ್ನುವ ಪಿಂಚಣಿ ಉಳಿತಾಯದ ಖಾತೆ ಇದ್ದರೆ ಅದರ ಪುಸ್ತಕವನ್ನೂ ನೋಡಿ.

ಜಗಳೂರಿನ ಮಗಳು
ಆದೇಶ ಸಿಕ್ಕಿತು ಅಣ್ಣ. ಟ್ರಂಕಿನಲ್ಲಿ, ನನ್ನ ಜಾತಕದ ಕೆಳಗೆ. ಒಂದು ಮೂಲೆ ಇಲಿ ತಿಂದಿದೆ, ದಿನಾಂಕ ಉಳಿದಿದೆ.

ಹಿರಿಯೂರಿನ ಮೇಲ್ವಿಚಾರಕಿ
ನಾನು ಕಾರ್ಯಕರ್ತೆಯಾಗಿ ಸೇರಿ, ಮೇಲ್ವಿಚಾರಕಿಯಾಗಿ ಬಡ್ತಿ ಸಿಕ್ಕಿ ನಿವೃತ್ತಿಯಾದವಳು. ಇಲ್ಲಿ ಎಲ್ಲರೂ ಮಕ್ಕಳ ಪಾಠದ ಬಗ್ಗೆಯೇ ಮಾತಾಡುತ್ತಿದ್ದೀರಿ. ಕೇಂದ್ರದ ಬಾಗಿಲು ಮುಚ್ಚಿದ ಮೇಲಿನ ಕೆಲಸವೇ ಕಷ್ಟದ್ದು, ಮನೆ ಭೇಟಿ.

ನನ್ನ ವ್ಯಾಪ್ತಿಯಲ್ಲಿ ಗೊಲ್ಲರಹಟ್ಟಿಗಳಿದ್ದವು. ಬಾಣಂತಿ ಮತ್ತು ಕೂಸನ್ನು ಹಟ್ಟಿಯ ಹೊರಗೆ ಸಣ್ಣ ಗುಡಿಸಲಲ್ಲಿ ಇಡುವುದು ಅಲ್ಲಿನ ಪದ್ಧತಿ. ಮಳೆಗಾಲದಲ್ಲಿ ಸೋಗೆ ಸೋರುತ್ತಿತ್ತು. ಅಧಿಕಾರಿಗಳು ಜೀಪಿನಲ್ಲಿ ಬಂದು 'ಕಾನೂನು, ಕೇಸು' ಅಂದರೆ ಹಟ್ಟಿಯವರು ತಲೆ ಆಡಿಸುತ್ತಿದ್ದರು. ಜೀಪು ಹೋದ ಮೇಲೆ ಮತ್ತೆ ಅದೇ. ಅಲ್ಲಿದ್ದ ಕಾರ್ಯಕರ್ತೆ ಅದೇ ಹಟ್ಟಿಯ ಸೊಸೆ. ಅವಳು ಕೇಸಿನ ಮಾತೇ ಎತ್ತಲಿಲ್ಲ. ಏಳನೇ ತಿಂಗಳಿನಿಂದಲೇ ಆ ಮನೆ ಅಜ್ಜಿಯ ಪಕ್ಕ ಕೂತು ಎಲೆ ಅಡಿಕೆ ಹಾಕುತ್ತಾ, "ಅಜ್ಜಿ, ದೇವರಿಗೆ ಮೈಲಿಗೆ ಆಗೋದು ಬ್ಯಾಡ. ಹೆರಿಗೆ ಆದಮ್ಯಾಲೆ ಹಿರಿಯೂರಲ್ಲಿ ನಿಮ್ಮ ತಮ್ಮನ ಮನೆ ಐತಲ್ಲ, ಅಲ್ಲೇ ಇರಲಿ ಬಿಡು" ಅಂದಳು. ಒಂದು ಸಲ ಅಲ್ಲ, ಎರಡು ತಿಂಗಳು ಬಿಡದೆ ಅಂದಳು. ಅಜ್ಜಿಗೆ ದೇವರೂ ಉಳಿದ, ಕೂಸೂ ಬೆಚ್ಚಗಿತ್ತು. ಮುಂದಿನ ವರ್ಷ ಇನ್ನೊಂದು ಮನೆಯವರು ತಾವೇ ಕೇಳಿಕೊಂಡು ಬಂದರು. ರಿಜಿಸ್ಟರಿನಲ್ಲಿ ಇದಕ್ಕೆ ಕಾಲಂ ಇಲ್ಲ. 'ಮನೆ ಭೇಟಿ: 1' ಅಂತ ಬರೆಯಬೇಕು, ಅಷ್ಟೇ.

ಕೋಟೆ ಕಡೆಯವನು
ಮೇಡಂ, ಅದು ಪದ್ಧತಿಗೆ ತಲೆಬಾಗಿದ ಹಾಗಾಗಲಿಲ್ಲವಾ? ಗುಡಿಸಲು ತಪ್ಪಿತು, ಮೈಲಿಗೆ ಅನ್ನುವುದು ಹಾಗೇ ಉಳಿಯಿತು.

ಹಿರಿಯೂರಿನ ಮೇಲ್ವಿಚಾರಕಿ
ಉಳಿಯಿತು. ಕೂಸೂ ಉಳಿಯಿತು. ನೀವು ಮೈಲಿಗೆ ತೆಗೆಯಿರಿ ತಮ್ಮ, ನಾನು ಬೇಡ ಅನ್ನುವುದಿಲ್ಲ.

ಎಂಎಸ್‌ಡಬ್ಲ್ಯೂ ಎರಡನೇ ವರ್ಷ
ಮಧ್ಯೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ದಾವಣಗೆರೆಯಲ್ಲಿ ಸಮಾಜ ಕಾರ್ಯ ಓದುತ್ತಿದ್ದೇನೆ. ಈ ಮಕ್ಕಳು, ಕುಟುಂಬದ ಕೆಲಸದಲ್ಲೇ ಇರಬೇಕು ಅಂತ ಆಸೆ. ಮನೆಯಲ್ಲಿ 'ಎಚ್‌ಆರ್ ಆಗು' ಅನ್ನುತ್ತಾರೆ. ದಾರಿ ಏನಿದೆ?

ಹಿರಿಯೂರಿನ ಮೇಲ್ವಿಚಾರಕಿ
ಡಿಗ್ರಿ ಇದ್ದರೆ ಮೇಲ್ವಿಚಾರಕಿ ಹುದ್ದೆಗೆ ನೇರ ನೇಮಕಾತಿ ಕರೆದಾಗ ಬರೆಯಿರಿ. ಸಿಡಿಪಿಒ ಆಗಬೇಕಾದರೆ ಕೆಪಿಎಸ್‌ಸಿ. ಪ್ರತಿ ಜಿಲ್ಲೆಯಲ್ಲೂ ಮಕ್ಕಳ ರಕ್ಷಣಾ ಘಟಕ ಇದೆ, 1098 ಸಹಾಯವಾಣಿ ಇದೆ, ಅಲ್ಲಿ ಸಮಾಜ ಕಾರ್ಯ ಓದಿದವರಿಗೆ ಕೆಲಸ. ಬಹಳಷ್ಟು ಗುತ್ತಿಗೆಯದೇ, ಅದನ್ನು ಮುಚ್ಚಿಡುವುದಿಲ್ಲ. ಸೇರುವ ಮುಂಚೆ ಯಾವುದಾದರೂ ಅಂಗನವಾಡಿಯಲ್ಲಿ ಒಂದು ವಾರ ಒಂಬತ್ತೂವರೆಯಿಂದ ನಾಲ್ಕರವರೆಗೆ ಕೂತು ನೋಡಮ್ಮ. ಎಚ್‌ಆರ್ ಬೇಕಾ ಬೇಡವಾ ಅಂತ ಆಗ ಗೊತ್ತಾಗುತ್ತದೆ.

ಭಟ್ಟಿ ಓಣಿ
ಪಟ್ಟಣದ ಕಥೆ ಯಾರೂ ಹೇಳಲಿಲ್ಲ. ನಾನು ಹುಟ್ಟಿ ಬೆಳೆದದ್ದು ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮಧ್ಯೆ. ಅಪ್ಪ ಅಮ್ಮ ಇಬ್ಬರೂ ಬೆಳಗಿನ ಜಾವವೇ ಭಟ್ಟಿಗೆ ಹೋಗುತ್ತಿದ್ದರು. ತಮ್ಮನನ್ನು ಮಂಡಕ್ಕಿ ಚೀಲದ ಮೇಲೆ ಮಲಗಿಸುತ್ತಿದ್ದರು. ಮೂಗಿನೊಳಗೆಲ್ಲ ಮಸಿ. ನಾಲ್ಕು ವರ್ಷಕ್ಕೆ ನನಗೆ ಅವನನ್ನು ನೋಡಿಕೊಳ್ಳುವ ಕೆಲಸ. ಓಣಿಯ ಅಂಗನವಾಡಿ ಟೀಚರ್ ಒಂದು ದಿನ ಭಟ್ಟಿಯೊಳಗೇ ಬಂದು, "ಇವಳ ಜೊತೆ ಇವನನ್ನೂ ಕಳಿಸಿ, ನಾನು ನೋಡ್ಕೋತೀನಿ" ಅಂದರು. ತಮ್ಮನಿಗೆ ಆಗ ಎರಡು ವರ್ಷ. ನಿಯಮದ ಪ್ರಕಾರ ಅಲ್ಲಿ ಕೂರಿಸುವುದು ಮೂರು ತುಂಬಿದವರನ್ನು. ಅವರು ಕೂರಿಸಿಕೊಂಡರು. ನಾನು ಶಾಲೆ ಕಂಡದ್ದು ಅದರಿಂದ. ಈಗ ನರ್ಸ್ ಆಗಿದ್ದೇನೆ.

ಈಗ ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ತಾಯಂದಿರಿಗೆ ಪಂಚಾಯ್ತಿ 'ಕೂಸಿನ ಮನೆ' ಇದೆ. ಒಳ್ಳೆಯದೇ. ಭಟ್ಟಿ ಕೆಲಸದ ತಾಯಿ ಎರಡು ವರ್ಷದ ಕೂಸನ್ನು ಎಲ್ಲಿ ಬಿಡಬೇಕು?

ವಿದ್ಯಾನಗರದ ಅಪ್ಪ
ನಾನು ದಿನಾ ಸಂಜೆ ಆ ಮಂಡಕ್ಕಿ ತಿನ್ನುತ್ತೇನೆ. ಇದನ್ನು ಯೋಚಿಸಿರಲಿಲ್ಲ ಅಕ್ಕ.

ಚನ್ನಗಿರಿ ತಾಂಡಾ
ಒಂದು ಮಾತು. ಇಷ್ಟು ಹೊತ್ತು ಎಲ್ಲರೂ ಟೀಚರ್, ಟೀಚರ್ ಅಂದಿರಿ. ನಮ್ಮವ್ವ ಸಹಾಯಕಿ. ಒಲೆ ಹಚ್ಚುವುದು, ನೀರು ತರುವುದು, ಮೊಟ್ಟೆ ಬೇಯಿಸಿ ಸುಲಿಯುವುದು, ಮಕ್ಕಳು ಹೊಲಸು ಮಾಡಿಕೊಂಡರೆ ತೊಳೆಯುವುದು, ಮನೆ ಮನೆಗೆ ಹೋಗಿ ಮಲಗಿದ್ದ ಮಕ್ಕಳನ್ನು ಎಬ್ಬಿಸಿ ಕೈ ಹಿಡಿದು ಕರೆತರುವುದು ಎಲ್ಲ ಅವಳದೇ. ಜಗಳೂರಿನ ಅಕ್ಕ, ನಿಮ್ಮವ್ವನ ಜೊತೆ ಸಹಾಯಕಿ ಯಾರಿದ್ದರು? ಅವರಿಗೂ ಶಾಲು ಇದೆಯಾ?

ಜಗಳೂರಿನ ಮಗಳು
ಇದನ್ನು ಓದಿ ಮುಖಕ್ಕೆ ಹೊಡೆದ ಹಾಗಾಯಿತು. ಇದ್ದಾರೆ, 1999ರಿಂದ ಒಬ್ಬರೇ. ನಾನು 'ದೊಡ್ಡಮ್ಮ' ಅಂತಲೇ ಕರೆಯುವುದು. ಶಾಲಿನ ಪಟ್ಟಿಯಲ್ಲಿ ಅವರ ಹೆಸರಿಲ್ಲ.

ನಿನ್ನೆ ರಾತ್ರಿ ಇಬ್ಬರನ್ನೂ ಕಟ್ಟೆ ಮೇಲೆ ಕೂರಿಸಿಕೊಂಡು ಕೇಳಿದೆ. ಅವ್ವ 'ಏನೈತಿ ಹೇಳಾಕೆ' ಅಂದರು. ದೊಡ್ಡಮ್ಮ ಶುರು ಮಾಡಿದರು.

ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದ ವರ್ಷ, ಡಿಸೆಂಬರ್. ಊರಿನಿಂದ ಕಾಫಿ ತೋಟಕ್ಕೆ ಗುಳೆ ಹೋಗುವ ಸಮಯ. ಒಂದು ಮನೆಯ ಹೆಣ್ಣು ಕೂಸು, ಒಂದೂವರೆ ವರ್ಷದ್ದು. ಬೇವಿನ ಕೊಂಬೆಗೆ ತಕ್ಕಡಿ ಕಟ್ಟಿ ಚಡ್ಡಿಯಂಥ ಚೀಲದಲ್ಲಿ ಕೂರಿಸಿದರೆ ಅದು ಕಾಲು ಕೂಡ ಆಡಿಸಲಿಲ್ಲವಂತೆ. 6 ಕೆಜಿ 800 ಗ್ರಾಂ. ತೋಳಿಗೆ ಪಟ್ಟಿ ಸುತ್ತಿದರೆ 11.2 ಸೆಂಟಿಮೀಟರ್. 11.5ಕ್ಕಿಂತ ಕಡಿಮೆ ಬಂದರೆ ಕೆಂಪು, ಸುಮ್ಮನೆ ಬಿಡುವ ಹಾಗಿಲ್ಲ. ದಾವಣಗೆರೆಗೆ ಕರೆದುಕೊಂಡು ಹೋಗಿ ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ 14 ದಿನ ಇಡಬೇಕು, ತಾಯಿ ಜೊತೆಗಿರಬೇಕು. ಆ ಮನೆಯವರು ಮೇಸ್ತ್ರಿಯಿಂದ ಮುಂಗಡ ತಗೊಂಡಿದ್ದರು. ನಾಡಿದ್ದು ಲಾರಿ ಹತ್ತಬೇಕು. ಜೊತೆಗೆ ನಾಲ್ಕು ವರ್ಷದ ಹುಡುಗ ಬೇರೆ. ತಾಯಿ, "ಇವನನ್ನ ಎಲ್ಲಿ ಬಿಡ್ಲಿ ಟೀಚರ್?" ಅಂದರಂತೆ. ಅವ್ವ "ನಮ್ಮನ್ಯಾಗೆ" ಅಂದರು. ದೊಡ್ಡಮ್ಮ ಮೇಸ್ತ್ರಿ ಮನೆ ಮುಂದೆ ಕೂತು, ಗಂಡ ಮೊದಲು ಹೋಗಲಿ, ಹೆಂಡತಿ ಹದಿನೈದು ದಿನ ಬಿಟ್ಟು ಬರುತ್ತಾಳೆ ಅಂತ ಒಪ್ಪಿಸಿಯೇ ಎದ್ದದ್ದು.

ಆ ಹುಡುಗ ನನಗೆ ಚೆನ್ನಾಗಿ ನೆನಪಿದ್ದಾನೆ. ನನ್ನ ಚಾದರದಲ್ಲೇ ಮಲಗುತ್ತಿದ್ದ. ಮೂರು ರಾತ್ರಿ ಉಚ್ಚೆ ಹೊಯ್ದ. 'ನನ್ನ ಪರೀಕ್ಷೆ ಹತ್ತಿರ ಬಂತು, ಯಾರ್ಯಾರದೋ ಮಕ್ಕಳನ್ನ ತಂದು ಮನೇಲಿ ಇಟ್ಕೋತೀಯ' ಅಂತ ಅವ್ವನ ಜೊತೆ ಜಗಳ ಆಡಿ ಎರಡು ದಿನ ಮಾತು ಬಿಟ್ಟಿದ್ದೆ. ಅವನು ಯಾಕೆ ಬಂದಿದ್ದ ಅಂತ ಕೇಳಿರಲೇ ಇಲ್ಲ. ನಿನ್ನೆ ಗೊತ್ತಾಯಿತು.

ಕೂಸು 7 ಕೆಜಿ 600 ಗ್ರಾಂ ಆಗಿ ವಾಪಸ್ ಬಂತು. ಈಗ ಒಂಬತ್ತನೇ ಕ್ಲಾಸು. ಮೊನ್ನೆ ನಮ್ಮ ಮನೆಗೆ ಮಜ್ಜಿಗೆ ಕೇಳಲು ಬಂದಿದ್ದಳು.

ಚಳ್ಳಕೆರೆ ಟೀಚರ್
ಇದನ್ನೇ ಹೇಳಿ. ಬೇರೆ ಏನೂ ಬೇಡ.

ಹಿರಿಯೂರಿನ ಮೇಲ್ವಿಚಾರಕಿ
ಹೇಳಿ, ಆದರೆ ಆ ಹುಡುಗಿ ಹೆಸರು, ಮನೆ ಸುಳಿವು ಕೊಡಬೇಡಿ. ಸಭೆಯಲ್ಲಿ ಅವಳೂ ಕೂತಿರುತ್ತಾಳೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ 'ನೀನು ಸೊರಗಿದ ಕೂಸಾಗಿದ್ದೆ' ಅಂತ ಊರ ಮುಂದೆ ಕೇಳಿಸಿದರೆ ಚೆನ್ನಾಗಿರಲ್ಲ.

ಜಗಳೂರಿನ ಮಗಳು
ಅವ್ವನೂ ಅದನ್ನೇ ಅಂದರು ಮೇಡಂ. ಆ ಕಥೆ ಬೇಡವೇ ಬೇಡವಂತೆ. "ತಕ್ಕಡಿ ವಾಪಸ್ ಕೊಟ್ಟೀನಿ, ರಿಜಿಸ್ಟರ್ ಲೆಕ್ಕ ಸರಿ ಐತಿ, ಅಷ್ಟು ಹೇಳು" ಅಂತಾರೆ. ನನ್ನ ಚಾದರದ ಕಥೆಯನ್ನಷ್ಟೇ ಹೇಳುತ್ತೇನೆ, ಯಾರ ಹುಡುಗ ಅಂತ ಹೇಳುವುದಿಲ್ಲ. ಎರಡನೇ ಶಾಲಿಗೆ ಪಂಚಾಯ್ತಿಯಲ್ಲಿ ಕೇಳಿದೆ. "ಆಯಮ್ಮಂದು ಇನ್ನೂ ನಾಕು ವರ್ಷ ಸರ್ವೀಸ್ ಐತಿ, ಆಮ್ಯಾಲೆ ನೋಡಾಣ" ಅಂದರು.

ಚನ್ನಗಿರಿ ತಾಂಡಾ
ಶಾಲು ನಾನು ಕಳಿಸುತ್ತೇನೆ ಅಕ್ಕ.

ಮಂಡಕ್ಕಿ ಮೆಣಸಿನಕಾಯಿ
ಊಟಕ್ಕೆ ಏನು? ಬೆಣ್ಣೆ ದೋಸೆ ಭಟ್ಟರನ್ನು ದಾವಣಗೆರೆಯಿಂದ ಕರೆಸುವುದಾದರೆ ನಾನೂ ಬರುತ್ತೇನೆ.

ಜಗಳೂರಿನ ಮಗಳು
ಹೋಳಿಗೆ. ಭಾವನೇ ಖರ್ಚು ಹಾಕುತ್ತಾರಂತೆ. ಈ ಚರ್ಚೆಯನ್ನು ಅವರ ಫೋನಿಗೆ ಕಳಿಸಿದ್ದೆ.

ಹೊಸದುರ್ಗದ ಸೊಸೆ
ಹಾಗಿದ್ದರೆ ನಿಮ್ಮೂರ ಕೇಂದ್ರ ಖಾಲಿ ಆಗುತ್ತಲ್ಲ, ನಮ್ಮ ತಂಗಿಯನ್ನು ಆ ಕಡೆಯೇ ಕೊಟ್ಟಿದ್ದೇವೆ. ಎಸ್ಸೆಸ್ಸೆಲ್ಸಿ ಆಗಿದೆ. ಅರ್ಜಿ ಹಾಕಬಹುದಾ?

ಹಿರಿಯೂರಿನ ಮೇಲ್ವಿಚಾರಕಿ
ಕಾರ್ಯಕರ್ತೆಗೆ ಈಗ ಪಿಯುಸಿ ಕೇಳುತ್ತಾರೆ, ಎಸ್ಸೆಸ್ಸೆಲ್ಸಿಗೆ ಸಹಾಯಕಿ. ವಯಸ್ಸು 19ರಿಂದ 35ರೊಳಗೆ, ಅದೇ ಊರಿನ ವಾಸಿ ಆಗಿರಬೇಕು. ಆನ್‌ಲೈನ್ ಅರ್ಜಿ. ಮದುವೆಯಾಗಿ ಬಂದವಳಾದರೆ ವಾಸದ ದೃಢೀಕರಣ ಈಗಲೇ ಮಾಡಿಸಿಟ್ಟುಕೊಳ್ಳಲಿ, ಕೊನೆ ದಿನ ಸರ್ವರ್ ಇರುವುದಿಲ್ಲ.